ಎರಡು ಸೇರಿಸಿದರೆ ಮೂರನೆಯದು: ಮಳೆಗಾಲಕ್ಕೆ ಅವಸರವಿಲ್ಲದ ಆಟ ಇದ್ದರೆ ಹೇಳಿ

ಘಟ್ಟ ಇಳಿದವ · ಕಾರವಾರ

ಊರು ಶಿರಸಿ ಕಡೆ, ಕೆಲಸ ಕಾರವಾರದಲ್ಲಿ. ಜೂನ್ ಮೊದಲ ವಾರ ಆಯಿ (ನನ್ನ ಅಮ್ಮ) ಅಂಗಳದ ಪಾಚಿ ಮೇಲೆ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿ ಇಲ್ಲಿಗೇ ಕರೆದುಕೊಂಡು ಬಂದೆ. ಆರು ವಾರ ಕೂತೇ ಇರಬೇಕು. ಇಲ್ಲಿ ತೋಟ ಇಲ್ಲ, ಕೊಟ್ಟಿಗೆ ಇಲ್ಲ, ಹೊರಗೆ ಹಗಲೂ ರಾತ್ರಿ ಮಳೆ. ಟಿವಿ ಧಾರಾವಾಹಿ ಅವಳಿಗೆ ಮೊದಲಿಂದಲೂ ಆಗದು.

ಒಂದು ರಾತ್ರಿ ಫೋನಿನಲ್ಲಿ ಲಿಟಲ್ ಆಲ್ಕೆಮಿ ಆಡುತ್ತಿದ್ದೆ. ಗೊತ್ತಿಲ್ಲದವರಿಗೆ: ಶುರುವಿಗೆ ನಾಲ್ಕೇ ಚಿತ್ರ. ಗಾಳಿ, ಬೆಂಕಿ, ನೀರು, ಮಣ್ಣು. ಒಂದನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಹೊಸದೊಂದು ಹುಟ್ಟುತ್ತದೆ. ಇಲ್ಲವೇ ಏನೂ ಆಗುವುದಿಲ್ಲ. ಗಡಿಯಾರ ಇಲ್ಲ, ಸೋಲೂ ಇಲ್ಲ. ಆಯಿ ಪಕ್ಕದಿಂದ ಇಣುಕಿ, 'ನೀರಿಗೆ ಮಣ್ಣು ಹಾಕು, ಕೆಸರಾಗ್ತು' ಅಂದಳು. ಹಾಕಿದೆ. ಕೆಸರಾಯಿತು. ಬೆಂಕಿಗೆ ನೀರು ಅಂದಳು, ಹಬೆ ಬಂತು. ನೀರಿನ ಮೇಲೆ ನೀರು ಬಿಟ್ಟರೆ ಸಮುದ್ರವೇ ಬಂದುಬಿಟ್ಟಿತು. ಅದಕ್ಕೆ ಮಾತ್ರ ನಕ್ಕಳು.

ಮಳೆ ಮತ್ತು ಮಣ್ಣು ಸೇರಿಸಿದಾಗ ಗಿಡ ಬಂದಿದ್ದು ಅವಳಿಗೆ ಸರಿ ಕಾಣಲಿಲ್ಲ. 'ಬೀಜ ಹಾಕದ್ದೇ ಗಿಡ ಬಂತಾ ತಮಾ?' ಆಮೇಲೆ ಸ್ವಲ್ಪ ಯೋಚಿಸಿ, ನಮ್ಮ ಕಡೆ ಜೂನ್‌ನಲ್ಲಿ ಹಂಚಿನ ಮೇಲೂ ಹುಟ್ಟುತ್ತದಲ್ಲ, ಇರಲಿ ಬಿಡು ಅಂದಳು. ಈಗ ದಿನಾ ಸಂಜೆ ಫೋನ್ ಅವಳ ಕೈಯಲ್ಲಿ.

ಇದೇ ಥರದ ಆಟ ಬೇರೆ ಯಾವುದಿದೆ? ಅವಸರ ಇರಬಾರದು. ಇಂಗ್ಲಿಷ್ ಬೇಕಾಗಬಾರದು, ಚಿತ್ರ ನೋಡಿ ಗೊತ್ತಾಗಬೇಕು. ಹೆಸರು ಹೇಳದೆ ಒಂದು ದೂರು: ಇದೇ ರೀತಿಯ ನಕಲಿ ಆಟವೊಂದನ್ನು ಇಳಿಸಿಕೊಂಡೆ. ಮೂರು ಜೋಡಿಗೊಂದು ಜಾಹೀರಾತು. ಆಯಿ ಜಾಹೀರಾತನ್ನೇ ಆಟದ ಭಾಗ ಅಂದುಕೊಂಡು ಯಾವುದೋ ಸಾಲದ ಆ್ಯಪ್ ಒತ್ತಿಬಿಟ್ಟಿದ್ದಳು. ಅದನ್ನು ಅಳಿಸಿದೆ.

ಕೋಡ್ ಬರೆಯೋ ಕಾಳಿ · ಬೆಂಗಳೂರು, ಊರು ಸದಾಶಿವಗಡ

ಅಣ್ಣಾ, ಆಯಿಗೆ ನಮಸ್ಕಾರ ಹೇಳಿ. ನೀವು ಆಡಿದ್ದು ಹಳೆಯದು, 2010ರದ್ದು. ಜಾಕುಬ್ ಕೋಝಿಯೋಲ್ ಅನ್ನುವವರು ಮಾಡಿದ್ದು. ಅದರಲ್ಲಿ 580 ವಸ್ತು. ಅದೇ ವರ್ಷ ಡೂಡಲ್ ಗಾಡ್ ಅಂತ ಇನ್ನೊಂದು ಬಂತು. ಲಿಟಲ್ ಆಲ್ಕೆಮಿ 2 ಬಂದಿದ್ದು 2017ರಲ್ಲಿ. ಚಿತ್ರಗಳು ಇನ್ನೂ ಚೆಂದ, 720 ವಸ್ತು. ಆಯಿಗೆ ಇದೇ ಸರಿ. ಒಂದು ವಸ್ತುವಿನಿಂದ ಮಾಡಬಹುದಾದ್ದೆಲ್ಲ ಮಾಡಿ ಮುಗಿಸಿದರೆ ಅದು ತಾನಾಗಿ ಪಟ್ಟಿಯಿಂದ ಮರೆಯಾಗುತ್ತದೆ. ಹುಡುಕಾಟ ಕಡಿಮೆ.

ಇನ್ನೊಂದು ಇನ್ಫಿನಿಟ್ ಕ್ರಾಫ್ಟ್. ನೀಲ್ ಅಗರ್ವಾಲ್ 2024ರ ಜನವರಿ ಕೊನೆಗೆ ಬಿಟ್ಟಿದ್ದು. ಇದಕ್ಕೆ ಕೊನೆ ಅನ್ನುವುದೇ ಇಲ್ಲ. ಹಿಂದಿನ ಆಟಗಳಲ್ಲಿ ಯಾವುದಕ್ಕೆ ಯಾವುದು ಸೇರಿದರೆ ಏನು ಅಂತ ಮನುಷ್ಯರು ಕೂತು ಬರೆದಿದ್ದರು. ಇದರಲ್ಲಿ ಹೊಸ ಜೋಡಿ ಬಂದರೆ ಭಾಷಾ ಮಾದರಿಯನ್ನು, ಅಂದರೆ ಚಾಟ್‌ಜಿಪಿಟಿ ಥರದ ಎಐಯನ್ನು, ಕೇಳುತ್ತದೆ. ಅದು ಹೇಳಿದ ಉತ್ತರವನ್ನು ಉಳಿಸಿಕೊಂಡು, ಮುಂದೆ ಯಾರು ಆ ಜೋಡಿ ಮಾಡಿದರೂ ಅದನ್ನೇ ಕೊಡುತ್ತದೆ. ಜಗತ್ತಿನಲ್ಲಿ ಯಾರೂ ಮಾಡದ ವಸ್ತು ನಿಮಗೆ ಬಂದರೆ ಮೊದಲ ಶೋಧ ಅಂತ ಗುರುತು ಹಾಕುತ್ತದೆ. ನನ್ನ ಹೆಸರಲ್ಲಿ ಹನ್ನೊಂದಿವೆ. ಒಂದಕ್ಕೂ ಅರ್ಥ ಇಲ್ಲ, ಆದರೂ ಖುಷಿ.

ಸುಮ್ನೆ ಓದುವವ · ಹೊನ್ನಾವರ

ಇದರಲ್ಲಿ ಆಟ ಏನಿದೆ ಮಾರಾಯ್ರೆ? ಎಲ್ಲದಕ್ಕೂ ಎಲ್ಲವನ್ನೂ ತಿಕ್ಕುತ್ತಾ ಕೂತರೆ ಒಂದಲ್ಲ ಒಂದು ದಿನ ಮುಗಿಯುತ್ತದೆ. ಬುದ್ಧಿ ಬೇಕಾಗಿಲ್ಲ.

ಕುಮಟೆ ಅಕ್ಕೋರು · ಕುಮಟಾ

ಮುಗಿಯುತ್ತದೆಯೇ ಲೆಕ್ಕ ಹಾಕೋಣ. ನಾಲ್ಕು ವಸ್ತು ಇದ್ದಾಗ, ತನಗೆ ತಾನೇ ಸೇರುವುದೂ ಸೇರಿ, 10 ಜೋಡಿ. ಹತ್ತು ನಿಮಿಷದ ಕೆಲಸವೂ ಅಲ್ಲ. 100 ವಸ್ತು ಆದಾಗ 5050 ಜೋಡಿ. 720 ಆದಾಗ 2,59,560. ಒಂದಕ್ಕೆ ಎರಡು ಸೆಕೆಂಡ್ ಅಂದರೂ ಊಟ ನಿದ್ದೆ ಬಿಟ್ಟು ಆರು ದಿನ. ಅದಕ್ಕೇ ಊಹೆ ಬೇಕು. 'ಮರಳಿಗೆ ಬೆಂಕಿ ತಾಗಿದರೆ ಗಾಜು' ಅಂತ ಗೊತ್ತಿದ್ದವರಿಗೆ ಒಂದೇ ಎಳೆತ. ಗೊತ್ತಿಲ್ಲದವರಿಗೆ ಬಂದ ಮೇಲೆ ಗೊತ್ತಾಗುತ್ತದೆ, ಅದೂ ಲಾಭವೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಈ ಆಟ ಗೊತ್ತಾಗುವ ಮೊದಲಿಂದಲೂ ನಮ್ಮ ಕ್ಲಾಸಿನಲ್ಲಿ ಇದೇ ಆಟ ಇದೆ. ಸ್ಟೀಲ್ ಬಟ್ಟಲಲ್ಲಿ ನೀರು, ಚಿಟಿಕೆ ಅರಿಶಿನ. ಹಳದಿ. ಎಲೆ ತಿನ್ನುವ ಸುಣ್ಣ ಕಡಲೆಕಾಳಿನಷ್ಟು ಹಾಕಿ ಬೆರಳಲ್ಲಿ ತಿರುವಿದರೆ ಆರತಿ ನೀರು. ಕೆಂಪಗೆ. ಎಲ್ಲ ಮಕ್ಕಳೂ ಮದುವೆ ಮನೆಯಲ್ಲಿ ನೋಡಿರುತ್ತಾರೆ, ಯಾರಿಗೂ ಆಶ್ಚರ್ಯ ಇಲ್ಲ. ಆಗ ಲಿಂಬೆಹಣ್ಣು ಹಿಂಡುತ್ತೇನೆ. ನಾಲ್ಕೈದು ಹನಿ ಬೀಳುವ ಹೊತ್ತಿಗೆ ಹನಿ ಬಿದ್ದ ಜಾಗದಲ್ಲೆಲ್ಲ ಹಳದಿ ಚುಕ್ಕೆ, ಆಮೇಲೆ ಇಡೀ ಬಟ್ಟಲು ಮೊದಲಿನ ಹಳದಿ. ಹಿಂದಿನ ಬೆಂಚಿನವರೂ ಆಗ ಎದ್ದು ನಿಲ್ಲುತ್ತಾರೆ. ಸುಣ್ಣ ಕ್ಷಾರ, ಲಿಂಬೆ ಆಮ್ಲ ಅನ್ನುವುದನ್ನು ಬೋರ್ಡಿನ ಮೇಲೆ ಬರೆಯುವುದು ಅದಾದ ಮೇಲೆ.

ಸಾಣಿಕಟ್ಟೆ ಅಳಿಯ · ಗೋಕರ್ಣ ಹತ್ತಿರ

ಅಕ್ಕೋರೆ, ಚೆಂದ. ಆದರೆ ಆಟದ ಮೇಲೆ ನನ್ನದೊಂದು ತಕರಾರಿದೆ. ಮೇಲಿನದು ಓದಿ ನಾನೂ ಇಳಿಸಿಕೊಂಡೆ. ಸಮುದ್ರದ ಮೇಲೆ ಬೆಂಕಿ ಬಿಟ್ಟರೆ ಉಪ್ಪು ಬರುತ್ತದೆ. ಸೂರ್ಯನನ್ನು ಬಿಟ್ಟರೂ ಬರುತ್ತದೆ. ಎರಡನೆಯದು ನೋಡಿ ಖುಷಿಯಾಯಿತು, ಯಾಕೆಂದರೆ ನಮ್ಮ ಮಾವನ ಮನೆ ಉಪ್ಪು ಬೆಳೆಯುವ ಆಗರದ ಪಕ್ಕದಲ್ಲೇ. ಆದರೆ ಉಪ್ಪು ಯಾವುದನ್ನೂ ಸೇರಿಸಿ ಆಗುವುದಲ್ಲ. ತೆಗೆದು ಆಗುವುದು.

ಸಮುದ್ರ ಉಕ್ಕಿ ಭರತ ಬಂದಾಗ ಗೇಟು ತೆಗೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಒಂದು ಹೊಂಡದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ಹೊಂಡದಲ್ಲೂ ನೀರು ಸ್ವಲ್ಪ ಸ್ವಲ್ಪ ದಪ್ಪ ಆಗುತ್ತಾ ಬರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ ಲವಣ. ಹತ್ತರಲ್ಲಿ ಒಂಬತ್ತು ಪಾಲು ನೀರು ಹೋಗುವ ತನಕ ಉಪ್ಪು ಹರಳುಗಟ್ಟುವುದೇ ಇಲ್ಲ. ಕೊನೆಯ ಪಾತಿಯಲ್ಲಿ ಬೆಳಿಗ್ಗೆ ನೀರಿನ ಮೇಲೆ ಕೆನೆಯ ಹಾಗೆ ತೆಳ್ಳಗೆ ಕಟ್ಟಿರುತ್ತದೆ. ಕಾಲಿಟ್ಟರೆ ಕರಕರ. ಉದ್ದ ಕೋಲಿನ ಹಲಗೆಯಿಂದ ಅದನ್ನು ಅಂಚಿಗೆ ಎಳೆದು ಗುಪ್ಪೆ ಹಾಕುತ್ತಾರೆ. ಉಳಿದ ಕಹಿ ನೀರನ್ನು ಬಿಟ್ಟುಬಿಡಬೇಕು. ಅದು ಒಣಗಿ ಸೇರಿಕೊಂಡರೆ ಉಪ್ಪು ಕಹಿ, ಮಳೆಗಾಲದಲ್ಲಿ ಡಬ್ಬಿಯಲ್ಲೇ ನೀರು ಬಿಡುತ್ತದೆ.

ಒಂದು ಅಕಾಲ ಮಳೆ ಬಿದ್ದರೆ ಪಾತಿ ಪೂರ್ತಿ ಹೋಯಿತು. ಸೇರಿಸುವುದು ಅಂದರೆ ನಮಗೆ ನಷ್ಟ!

ಸುಮ್ನೆ ಓದುವವ · ಹೊನ್ನಾವರ

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರು ಈ ಆಟ ಆಡಿದ್ದರೆ ಸಮುದ್ರ + ಬೆಂಕಿ + ಬ್ರಿಟಿಷರು = ಜೈಲು. (ತಮಾಷೆಗೆ. ಬೈಯಬೇಡಿ.)

ಘಟ್ಟ ಇಳಿದವ · ಕಾರವಾರ

ಅಳಿಯಂದಿರ ಮಾತನ್ನು ಆಯಿಗೆ ಓದಿ ಹೇಳಿದೆ. 'ಅಡಿಕೆ ಮತ್ತೆಂತದು?' ಅಂತ ಶುರು ಮಾಡಿದಳು. ಒಂದೇ ಅಡಿಕೆ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಒಂದೂವರೆ ತಿಂಗಳು ಬಿಸಿಲಲ್ಲಿ ಒಣಗಿಸಿ ಸುಲಿದರೆ ಚಾಲಿ. ಹಸಿರು ಇದ್ದಾಗಲೇ ಕೊಯ್ದು, ಸುಲಿದು, ಚೊಗರು ಹಾಕಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಚೊಗರು ಅಂದರೆ ಅಡಿಕೆ ಬೇಯಿಸಿದ ನೀರೇ, ಮತ್ತೆ ಮತ್ತೆ ಬೇಯಿಸಿ ದಪ್ಪ ಆದದ್ದು. ಅಂದರೆ ಅಡಿಕೆಗೆ ಅಡಿಕೆಯನ್ನೇ ಸೇರಿಸಿದ ಹಾಗೆ. ಎರಡರ ದರ ಬೇರೆ, ತಿನ್ನುವವರೂ ಬೇರೆ. ಶಿರಸಿ ಸುಪಾರಿ ಅಂತ 2019ರಲ್ಲಿ ಭೌಗೋಳಿಕ ಗುರುತು ಬಂದಿದ್ದು ನೆನಪಿರಬಹುದು.

ಆಮೇಲೆ ಅಪ್ಪೆಮಿಡಿಗೆ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿಗೆ) ಬಂದಳು. ಇದು ನನಗೂ ಗೊತ್ತಿತ್ತು, ಹೀಗೆ ಯೋಚಿಸಿರಲಿಲ್ಲ ಅಷ್ಟೇ. ತೊಟ್ಟು ಮುರಿಯದ ಹಾಗೆ ಕೊಯ್ದ ಮಿಡಿ. ಭರಣಿಯಲ್ಲಿ ಒಂದು ಸಾಲು ಮಿಡಿ, ಒಂದು ಸಾಲು ಹರಳುಪ್ಪು. ನೀರು ಒಂದು ಹನಿ ಹಾಕುವುದಿಲ್ಲ. ಎರಡು ದಿನ ಬಿಟ್ಟು ನೋಡಿದರೆ ತಳದಲ್ಲಿ ನೀರು. ವಾರ ಕಳೆದರೆ ಮಿಡಿ ತೇಲುವಷ್ಟು. ಅಷ್ಟೂ ಮಿಡಿಯದೇ ನೀರು, ಉಪ್ಪು ಎಳೆದು ತೆಗೆದದ್ದು. ಮಿಡಿ ಸುಕ್ಕುಗಟ್ಟಿ ಅಜ್ಜಿಯ ಕೈ ಬೆರಳಿನ ಹಾಗೆ ಆಗಬೇಕು. ಆಗ ಆ ನೀರನ್ನು ಕುದಿಸಿ ಆರಿಸಿ, ಸಾಸಿವೆ, ಮೆಣಸು ಕಡೆದು ಮತ್ತೆ ಅದಕ್ಕೇ ಸೇರಿಸುವುದು. ಮೊದಲು ಕಳೆದು ಆಮೇಲೆ ಕೂಡಿಸುವುದು.

'ಪುಡಿ ಉಪ್ಪು ಹಾಕಿದರೆ ಮಿಡಿ ಮೆತ್ತಗಾಗ್ತು, ಸಾಣಿಕಟ್ಟೆದೇ ಬೇಕು' ಅಂತಲೂ ಸೇರಿಸಿದಳು. ಅಳಿಯಂದಿರಿಗೆ ಹೇಳು ಅಂದಳು, ಹೇಳಿದ್ದೇನೆ.

ಕೋಡ್ ಬರೆಯೋ ಕಾಳಿ · ಬೆಂಗಳೂರು, ಊರು ಸದಾಶಿವಗಡ

ಇದು ಒಳ್ಳೇ ಮಾತು. ಆಟದ ಒಳಗೆ ಇರುವುದು ಬರೀ ಜೋಡಿಗಳ ಪಟ್ಟಿ. ಯಾವುದು ಮೊದಲು, ಎಷ್ಟು, ಎಷ್ಟು ಹೊತ್ತು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಚಾಲಿ ಮತ್ತು ಕೆಂಪಡಿಕೆ ಬೇರೆ ಬೇರೆ ಅಂತ ಅದಕ್ಕೆ ಹೇಳಲು ದಾರಿಯೇ ಇಲ್ಲ. ಲಿಟಲ್ ಆಲ್ಕೆಮಿ 2ರಲ್ಲಿ ಸ್ವಲ್ಪ ಸುಧಾರಣೆ ಇದೆ: 100 ವಸ್ತು ಆದ ಮೇಲೆ 'ಕಾಲ' ಅನ್ನುವುದು ತಾನಾಗಿ ಸಿಗುತ್ತದೆ. ಅದನ್ನು ಯಾವುದರ ಮೇಲಾದರೂ ಬಿಡಬಹುದು. ಆಯಿಗೆ ಅಲ್ಲಿ ತನಕ ತಲುಪಿಸಿ, ಖುಷಿಪಡುತ್ತಾರೆ.

ಇನ್ನೊಂದು. ಆಟದಲ್ಲಿ ಸೇರಿಸಿದರೂ ಮೊದಲಿನದು ಖರ್ಚಾಗುವುದಿಲ್ಲ. ನೀರಿಂದ ಸಮುದ್ರ ಮಾಡಿದರೂ ನೀರು ಅಲ್ಲೇ ಇದೆ. ಅಡುಗೆಮನೆಯಲ್ಲಿ ಹಾಲು ಒಡೆದರೆ ಹೋಯಿತು, ಅಲ್ವಾ? ಇಲ್ಲಿ ಸಾವಿರ ಸಲ ತಪ್ಪಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಆಫೀಸು ಮುಗಿಸಿ ಬಂದು ನಾನು ಇದನ್ನು ಆಡುವುದು ಬರೀ ಅದಕ್ಕೆ. ಹಗಲಿಡೀ ಬರೆದದ್ದು ತಪ್ಪಿದರೆ ಯಾರದೋ ಸೈಟು ಬೀಳುತ್ತದೆ.

ಯಲ್ಲಾಪುರದ ಮಳೆ · ಯಲ್ಲಾಪುರ

ಇನ್ಫಿನಿಟ್ ಕ್ರಾಫ್ಟ್ ಘಟ್ಟದ ಮೇಲಿನವರಿಗೆ ಆಗುವುದಿಲ್ಲ. ಹೊಸ ಜೋಡಿಗೆ ಪ್ರತಿ ಸಲ ಸರ್ವರ್ ಕೇಳಬೇಕಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗೇರು ಮರದ ಬುಡದಲ್ಲಿ. ಕೊಡೆ ಹಿಡಿದುಕೊಂಡು ಮರದ ಬುಡದಲ್ಲಿ ನಿಂತು 'ಕೆಸರು + ಗಾಳಿ' ಮಾಡುವುದು ನನ್ನಿಂದಾಗದು. ಲಿಟಲ್ ಆಲ್ಕೆಮಿ ಒಮ್ಮೆ ಇಳಿಸಿಕೊಂಡರೆ ನನ್ನ ಫೋನಿನಲ್ಲಿ ನೆಟ್ ಇಲ್ಲದೆಯೂ ಓಡುತ್ತದೆ.

ಸಿಕ್ಕಿಹಾಕಿಕೊಂಡಾಗ ನಾನು ಮಾಡುವುದು: ಹೊಸದು ಬಂದ ಕೂಡಲೇ ಅದನ್ನು ಅದರ ಮೇಲೆಯೇ ಬಿಡುವುದು. ಆಮೇಲೆ ನಾಲ್ಕು ಮೂಲದ ಜೊತೆ. ಅದೂ ಆಗದಿದ್ದರೆ ಹಿಂದಿನಿಂದ ಬರುವುದು. ಮನೆ ಬೇಕು, ಮನೆಗೆ ಗೋಡೆ ಬೇಕು, ಗೋಡೆಗೆ ಇಟ್ಟಿಗೆ, ಇಟ್ಟಿಗೆಗೆ ಕೆಸರು ಬೆಂಕಿ. ಉತ್ತರಗಳ ಪಟ್ಟಿ ಹುಡುಕಿ ನೋಡಬೇಡಿ. ನಾನು ಒಮ್ಮೆ ನೋಡಿದೆ. ಒಂದು ಗಂಟೆಯಲ್ಲಿ ಮುನ್ನೂರು ವಸ್ತು ಬಂತು, ಮರುದಿನ ಆಟ ತೆಗೆಯಲೂ ಮನಸ್ಸಾಗಲಿಲ್ಲ.

ಸುಮ್ನೆ ಓದುವವ · ಹೊನ್ನಾವರ

ಸರಿ, ನಾನೂ ಆಡಿದೆ. ನಿನ್ನೆ ರಾತ್ರಿ ಒಂದೂವರೆ ಗಂಟೆ ತನಕ. ಹೆಂಡತಿ ಬೈದಳು. 84 ಆಗಿದೆ.

ಆದರೆ ನನಗೊಂದು ಸಂಶಯ. ನಮ್ಮ ಪಂಚಭೂತದಲ್ಲಿ ಐದಿದೆ, ಇವರದು ನಾಲ್ಕೇ. ಆಕಾಶ ಎಲ್ಲಿ ಅಂತ ಹುಡುಕಿದರೆ ಗಾಳಿಗೆ ಮೋಡ ಸೇರಿಸಿದಾಗ ಬಂತು. ನಮ್ಮವರ ಲೆಕ್ಕದಲ್ಲಿ ಆಕಾಶದಿಂದ ಗಾಳಿ, ಗಾಳಿಯಿಂದ ಬೆಂಕಿ, ಬೆಂಕಿಯಿಂದ ನೀರು, ನೀರಿಂದ ಮಣ್ಣು. ಇವರು ಮಗನಿಂದ ಅಪ್ಪನನ್ನು ಹುಟ್ಟಿಸಿದ್ದಾರೆ.

ಕುಮಟೆ ಅಕ್ಕೋರು · ಕುಮಟಾ

ಹಹ್ಹ. ನಾಲ್ಕರ ಲೆಕ್ಕ ಗ್ರೀಕರದು, ಎಂಪೆಡೊಕ್ಲಿಸ್ ಹೇಳಿದ್ದು. ಈಗ ಗೊತ್ತಿರುವ ಮೂಲವಸ್ತುಗಳು 118. ಆ ನಾಲ್ಕರಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ. ನೀರೇ ಜಲಜನಕ ಮತ್ತು ಆಮ್ಲಜನಕ ಸೇರಿ ಆದದ್ದು. ಆದರೂ ಹಳೆ ರಸವಾದಿಗಳನ್ನು ನಗುವ ಹಾಗಿಲ್ಲ. 1669ರಲ್ಲಿ ಜರ್ಮನಿಯ ಹೆನ್ನಿಗ್ ಬ್ರಾಂಡ್ ಚಿನ್ನ ಸಿಗುತ್ತದೆ ಅಂತ ಬಕೆಟ್‌ಗಟ್ಟಲೆ ಮೂತ್ರ ಕುದಿಸಿ ಕುದಿಸಿ ಇಂಗಿಸಿದ. ಚಿನ್ನ ಬರಲಿಲ್ಲ. ಕತ್ತಲಲ್ಲಿ ಹೊಳೆಯುವ ರಂಜಕ (ಫಾಸ್ಫರಸ್) ಬಂತು. ಅಳಿಯಂದಿರೇ, ನೋಡಿ, ಅದೂ ಕಳೆದು ಸಿಕ್ಕಿದ್ದೇ.

ಸುಣ್ಣವೂ ಹಾಗೇ. ಅಘನಾಶಿನಿಯ ಚಿಪ್ಪಿ ಸುಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಚಿಪ್ಪಿ ಪೂರ್ತಿ ಶುದ್ಧ ಅಂತ ಇಟ್ಟುಕೊಂಡರೆ 100 ಕಿಲೋಕ್ಕೆ ಉಳಿಯುವುದು 56. ಅದಕ್ಕೆ ನೀರು ಹಾಕಿದಾಗ ಬುಸುಗುಟ್ಟಿ ಬಿಸಿಯಾಗಿ ಅರಳುತ್ತದೆ. ಆ ಸುಣ್ಣ, ಘಟ್ಟದ ಚಾಲಿ ಅಡಿಕೆ, ಎಲೆ ಮೂರೂ ಬಾಯಲ್ಲಿ ಸೇರಿದರೆ ಕೆಂಪು. ಮೂರರಲ್ಲಿ ಯಾವುದೂ ಕೆಂಪಿಲ್ಲ. ಇದು ನಿಜವಾದ ಕೂಡಿಸುವ ಆಟ. (ಅಡಿಕೆ ಕ್ಯಾನ್ಸರ್‌ಕಾರಕ ಅನ್ನುವುದನ್ನೂ ಮಕ್ಕಳಿಗೆ ಹೇಳುತ್ತೇನೆ. ತೋಟದವರು ಸಿಟ್ಟಾಗಬೇಡಿ.)

ನನಗೊಂದು ಯೋಚನೆ. ನಮ್ಮ ಜಿಲ್ಲೆಯದೇ ಚೀಟಿ ಮಾಡಿದರೆ ಹೇಗೆ? ಮೂಲಕ್ಕೆ ನೀರು, ಬಿಸಿಲು, ಒಲೆ, ಮಣ್ಣು ಸಾಕು. ಜೊತೆಗೆ 'ತೆಗೆ' ಅಂತ ಒಂದು ಚೀಟಿ, 'ಕಾಯಿ' ಅಂತ ಒಂದು.

ಸಾಣಿಕಟ್ಟೆ ಅಳಿಯ · ಗೋಕರ್ಣ ಹತ್ತಿರ

'ಕಾಯಿ' ಅಂದರೆ ತೆಂಗಿನಕಾಯಿ ಅಂದುಕೊಂಡೆ ಅಕ್ಕೋರೆ. ಕಾಯುವುದಾ? 'ತಡಿ' ಅಂತ ಬರೆಯಿರಿ.

ಕುಮಟೆ ಅಕ್ಕೋರು · ಕುಮಟಾ

'ತಡಿ' ಆಗಲಿ.

ಘಟ್ಟ ಇಳಿದವ · ಕಾರವಾರ

ಮಾಡಿದ್ದೇವೆ! ಹಳೆಯ ಲಗ್ನಪತ್ರಿಕೆಗಳ ಹಿಂದಿನ ಖಾಲಿ ಭಾಗ ಕತ್ತರಿಸಿ 62 ಚೀಟಿ. ಆಯಿ ಬರೆದಳು, ನಾನು ಚಿತ್ರ ಬಿಡಿಸಿದೆ. ನನ್ನ ಹಸು ನಾಯಿಯ ಹಾಗಿದೆ ಅಂತ ತೀರ್ಪಾಗಿದೆ.

ಒಂದು ನಿಯಮದ ಮೇಲೆ ಜಗಳವಾಯಿತು. ನಾನು ಫೋನಿನ ಹಾಗೆ ಚೀಟಿ ಖರ್ಚಾಗಬಾರದು ಅಂದೆ. ಆಯಿ ಒಪ್ಪಲಿಲ್ಲ. ಮೊಸರು ಮಾಡಿದ ಮೇಲೆ ಹಾಲು ಎಲ್ಲಿಂದ ಬರುತ್ತದೆ, ಹಾಲಿನ ಚೀಟಿ ಕೆಳಗಿಡು ಅಂದಳು. ಹೆಪ್ಪಿನ ಚೀಟಿ ಮಾತ್ರ ಕೈಯಲ್ಲೇ ಉಳಿಯುತ್ತದಂತೆ, ಯಾಕೆಂದರೆ ಮೊಸರಿನಿಂದ ಮತ್ತೆ ಹೆಪ್ಪು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಕೋಡ್ ಬರೆಯೋ ಕಾಳಿ · ಬೆಂಗಳೂರು, ಊರು ಸದಾಶಿವಗಡ

ಆಯಿಯನ್ನು ನಮ್ಮ ಆಫೀಸಿಗೆ ಕಳಿಸಿ. ಆಟದ ನಿಯಮ ಬರೆಯುವವರಿಗೆ ಇಷ್ಟು ಹೊಳೆಯುವುದಿಲ್ಲ. ಜೋಡಿಗಳ ಪಟ್ಟಿ ಕಳಿಸಿದರೆ ನಾನು ಫೋನಿನಲ್ಲಿ ಆಡುವ ಹಾಗೆ ಮಾಡಿಕೊಡುತ್ತೇನೆ. ಕನ್ನಡದಲ್ಲೇ. ಜಾಹೀರಾತು ಇಲ್ಲದೆ.

ಸುಮ್ನೆ ಓದುವವ · ಹೊನ್ನಾವರ

100 ಆಯಿತು. ಕಾಲ ಸಿಕ್ಕಿತು. ಮನುಷ್ಯನ ಮೇಲೆ ಬಿಟ್ಟೆ. ಏನು ಬಂತು ಅಂತ ಹೇಳುವುದಿಲ್ಲ, ನೀವೇ ನೋಡಿ.

ಘಟ್ಟ ಇಳಿದವ · ಕಾರವಾರ

ನಿನ್ನೆ ಸಂಜೆ ಕರೆಂಟ್ ಹೋಗಿ ಬಂದಿದ್ದು ರಾತ್ರಿ ಹನ್ನೊಂದಕ್ಕೆ. ಫೋನ್ ಸತ್ತಿತ್ತು. ಪಕ್ಕದ ಮನೆಯ ಹೆಂಗಸು (ಬಾಯಿ ಅಂತ ಕರೆಯುತ್ತೇವೆ) ಮೇಣದಬತ್ತಿ ಕೇಳಲು ಬಂದವರು ಚೀಟಿ ನೋಡಿ ಕೂತುಬಿಟ್ಟರು. ಅವರದು ಕೊಂಕಣಿ, ಆಯಿಯದು ಹವ್ಯಕ, ನಡುವೆ ಕನ್ನಡ. ಖಾಲಿ ಚೀಟಿಯ ಮೇಲೆ 'ಬಂಗಡೆ' ಅಂತ ಬರೆದು, ಉಪ್ಪು ಮತ್ತು ಬಿಸಿಲಿನ ಪಕ್ಕ ಇಟ್ಟರು. ಒಣಮೀನು.

ನಾನು ಆಯಿಯ ಮುಖ ನೋಡಿದೆ. ಅವಳು ಮೀನಿನ ಚೀಟಿ ಮುಟ್ಟಲಿಲ್ಲ. ಬೆರಳಿನಿಂದ ಬಿಸಿಲಿನ ಚೀಟಿಯನ್ನು ಮಾತ್ರ ಸ್ವಲ್ಪ ಅತ್ತ ಸರಿಸಿ, 'ಎಷ್ಟು ದಿನ ಒಣಗಿಸ್ತ್ರಿ?' ಅಂದಳು. ಬಿಸಿಲು ಖಡಕ್ಕಾಗಿದ್ದರೆ ಮೂರ್ನಾಲ್ಕು ದಿನ ಅಂದರು. ಹಾಗಾದರೆ ಒಂದು 'ತಡಿ' ಚೀಟಿ ಹಾಕಿ ಅಂತ ಆಯಿ ಹಟ ಹಿಡಿದಳು. ಹಾಕಿಸಿಯೇ ಬಿಟ್ಟಳು.

ಆಮೇಲೆ ಆಟ ನಿಂತಿತು. ಮಿಡಿಗೆ ಒಂದು ಉಪ್ಪು, ಬಂಗಡೆಗೆ ಒಂದು, ಬಾಯಿ ಹಲಸಿನ ಸೊಳೆಯನ್ನೂ ಉಪ್ಪಿಗೆ ಹಾಕಬೇಕು ಅಂದರು. ನಾವು ಬರೆದಿದ್ದು ಎರಡೇ ಉಪ್ಪಿನ ಚೀಟಿ. ಅಳಿಯಂದಿರೇ, ಈ ಮಳೆಯಲ್ಲಿ ಆಗರ ಬಂದ್ ಅಂತ ಗೊತ್ತು. ಆದರೂ ನಾಲ್ಕು ಜಾಸ್ತಿ ಬರೆದುಕೊಳ್ಳಲಾ?

ಸಾಣಿಕಟ್ಟೆ ಅಳಿಯ · ಗೋಕರ್ಣ ಹತ್ತಿರ

ಬರೆದುಕೊಳ್ಳಿ. ಮೇ ತಿಂಗಳಲ್ಲೇ ತುಂಬಿಸಿಟ್ಟಿದ್ದಿದೆ. ಬಾಯಿಯವರಿಗೆ ಎರಡು ಬೇರೆ ಕೊಡಿ.